'ಮೂರನೇ ಸಾರಿ' ಎನ್ನದ ಊರಲ್ಲಿ ಕತ್ತಿ ಕೊಂಡದ್ದು

ಬಳ್ಳಾರಿ

ಬಳ್ಳಾರಿಯಲ್ಲಿ ನನ್ನದೊಂದು ಬಂದೂಕಿನ ಅಂಗಡಿ ಇದೆ. ಹೀಗೆಂದರೆ ಸಾಕು, ಕೇಳಿದವರು ಮೊದಲು ಹಿಂದೆ ಸರಿಯುತ್ತಾರೆ, ಆಮೇಲೆ ಹತ್ತಿರ ಬಂದು, "ನೀವ ಕುಂತು ಮಾರ್ತೀರೇನ್ರಿ ಯಕ್ಕಾ?" ಎಂದು ದನಿ ತಗ್ಗಿಸುತ್ತಾರೆ. ನಾನೇ ಕೂತು ಮಾರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಜೋಡುನಳಿಗೆಯ ಬಂದೂಕನ್ನು ಮಡಚಿ ಬಿಚ್ಚಿ ತೋರಿಸುವ ಹೆಂಗಸನ್ನು ನೋಡಲೆಂದೇ ಕೆಲವರು ಬಂದು, ಬಾಯಿಗೆ ಬಂದ ರೇಟು ಕೇಳಿ, ಒಂದು ಬೆಲ್ಟು ಕೊಂಡು ಹೋಗುವುದೂ ಉಂಟು.

ಗಿರಾಕಿಗಳು ಹೆಚ್ಚಾಗಿ ಸಿರುಗುಪ್ಪದ ಕಡೆಯ ಭತ್ತದ ರೈತರು. ಗದ್ದೆಗೆ ಹಂದಿ ನುಗ್ಗುತ್ತವೆಂದು ಲೈಸೆನ್ಸು ಮಾಡಿಸಿಕೊಂಡು ಬರುತ್ತಾರೆ. ನಳಿಗೆ ಎಷ್ಟು ಉದ್ದ, ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಸಪ್ಪಳ ಹೆಂಗ್ ಬರ್ತೈತ್ರಿ?" ದೇಶನೂರಿನ ರೈತರೊಬ್ಬರಂತೂ, "ಹಂದಿಗೆ ಬೀಳದಿದ್ರೂ ಚಿಂತಿಲ್ರಿ ಯಕ್ಕಾ, ನಮ್ಮಣ್ಣನ ಹೊಲದತನಕ ಕೇಳಬೇಕು" ಎಂದಿದ್ದರು. ಕೊಂಡ ಬಂದೂಕಿಗೆ ಅಂಗಡಿಯಲ್ಲೇ ಅರಿಶಿನ, ಕುಂಕುಮ, ನಿಂಬೆಹಣ್ಣು, ಒಂದು ತೆಂಗಿನಕಾಯಿ. ಹೊಸ ಸೊಸೆಯನ್ನು ಕರೆದೊಯ್ದ ಹಾಗೆ ಕರೆದೊಯ್ಯುತ್ತಾರೆ.

ಮಧ್ಯಾಹ್ನ ವ್ಯಾಪಾರವಿಲ್ಲದಾಗ ಬೇರೆ ಹೆಂಗಸರು ಫೋನಿನಲ್ಲಿ ಸೀರೆ ನೋಡುತ್ತಾರಲ್ಲ, ನಾನು ಹೊರದೇಶದ ಹರಾಜಿನ ಬಂದೂಕು ನೋಡುತ್ತೇನೆ. ತರಿಸುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಆದರೆ ನೋಡುವ ಕಣ್ಣಿಗೆ ಇನ್ನೂ ಯಾರೂ ಲೈಸೆನ್ಸು ಕೇಳಿಲ್ಲ. ಹಾಗೆ ನೋಡುತ್ತಿದ್ದಾಗ ಇಂಗ್ಲೆಂಡಿನ ಒಂದು ಸಣ್ಣ ಊರಿನ ಹರಾಜು ಕಣ್ಣಿಗೆ ಬಿತ್ತು. ಬೆಳಿಗ್ಗೆ ಹೊಸ ಬಂದೂಕುಗಳು, ಮಧ್ಯಾಹ್ನ ಹಳೆಯ ಸೈನ್ಯದ ಕತ್ತಿಗಳು. ಒಂದು ಕತ್ತಿಯ ಹಿತ್ತಾಳೆ ಹಿಡಿಕೆಯ ಚಿತ್ರದ ಕೆಳಗೆ, 'ಮದರಾಸಿನ ಕಡೆಯ ಕುದುರೆ ದಂಡಿನದು, ಮೇಲೆ ಬಳ್ಳಿಯ ಅಲಂಕಾರ' ಎಂಬರ್ಥದ ಇಂಗ್ಲಿಷು ಬರೆದಿದ್ದರು. ನಾನು ಚಿತ್ರ ದೊಡ್ಡದು ಮಾಡಿದೆ. ಬಳ್ಳಿಯೂ ಅಲ್ಲ, ಎಲೆಯೂ ಅಲ್ಲ, ಕನ್ನಡ! ಹಿಂದೆ ಕಿಲುಬು, ಮುಂದೆ ಕಿಲುಬು, ನಡುವೆ 'ರುಗ' ಎಂಬಷ್ಟು ಕಾಣುತ್ತಿತ್ತು. ಅದರ ಕೆಳಗೆ ಕೊರೆದ ಹೆಸರು ಮಾತ್ರ ಚೊಕ್ಕವಾಗಿತ್ತು: 'ಈರಭದ್ರ', ನಮ್ಮ ಮನೆದೇವರು ವೀರಭದ್ರನೇ.

ಷಟರ್ ಎಳೆದು ಸೀದಾ ಕುರುಗೋಡಿನ ಬಸ್ಸು ಹತ್ತಿದೆ.

ಕುರುಗೋಡು

ಕುರುಗೋಡಿನಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ಅಪ್ಪನ ಅಣ್ಣ. ಬಹಳ ಕಾಲ ದನದ ದಲ್ಲಾಳಿಯಾಗಿದ್ದವರು. ಅದಕ್ಕಿಂತ ಮುಖ್ಯವಾಗಿ ಪುರವಂತರು. ನಮ್ಮಲ್ಲಿ ಮದುವೆಯಾದರೆ ವೀರಭದ್ರನ ಗುಗ್ಗಳದ ಮೆರವಣಿಗೆ ಹೊರಡಬೇಕು, ಅದರ ಮುಂದೆ ಪುರವಂತರು ಕತ್ತಿ ಹಿಡಿದು ಕುಣಿಯುತ್ತ ದೇವರ ಕಥೆಯ ಒಡಪು ಕೂಗಿ ಹೇಳಬೇಕು. ದೊಡ್ಡಪ್ಪ ಒಡಪು ಶುರು ಮಾಡಿದರೆ ಅಳುವ ಕೂಸು ಬಾಯಿ ಮುಚ್ಚುತ್ತದೆ, ಮಲಗಿದ ಕೂಸು ಎದ್ದು ಅಳುತ್ತದೆ.

ಅವರ ಜೀವನದ ಒಂದೇ ಒಂದು ಕೊರಗು ಅಂದರೆ, ಕುಣಿಯುವ ಕಾಲು ನಮ್ಮದು, ಒಡಪಿನ ಬಾಯಿ ನಮ್ಮದು, ಕತ್ತಿ ಮಾತ್ರ ಬೀಗರದು. ಸಿರುಗುಪ್ಪದ ಪಂಪಣ್ಣನವರ ಮನೆಗೂ ನಮ್ಮ ಮನೆಗೂ ತಲೆಮಾರುಗಳಿಂದ ಹೆಣ್ಣು ಕೊಟ್ಟು ತರುವ ಬಳಕೆ. ದೊಡ್ಡಪ್ಪನ ಮಗಳನ್ನೂ ಪಂಪಣ್ಣನವರ ಮಗನಿಗೇ ಕೊಟ್ಟಿದೆ. ನಮ್ಮ ಮನೆಯಲ್ಲಿ ಗುಗ್ಗಳ ಎಂದರೆ ಪಂಪಣ್ಣನವರು ಕತ್ತಿಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತರುತ್ತಾರೆ, ನಾಲ್ಕು ಜನರ ನಡುವೆ ನಿಂತು, "ಜ್ವಾಕಿ ಬೀಗರ, ಮನಿತನದ ಕತ್ತಿ" ಎಂದು ದೊಡ್ಡಪ್ಪನ ಕೈಗೆ ಕೊಡುತ್ತಾರೆ. ಆ 'ಮನಿತನ' ಎನ್ನುವುದನ್ನು ಅವರು ಎಳೆಯುವ ರೀತಿಗೆ ದೊಡ್ಡಪ್ಪ ಮೂರು ದಿನ ಉಂಡದ್ದು ಮೈಗೆ ಹತ್ತುವುದಿಲ್ಲ.

ನಮ್ಮ ಮನೆಗೂ ಒಂದು ಕತ್ತಿ ಇತ್ತಂತೆ. ಬಿಳಿಯರ ಕಾಲದಲ್ಲಿ ನಮ್ಮ ಹಿರಿಯನೊಬ್ಬ ಬಳ್ಳಾರಿ ದಂಡಿನಲ್ಲಿ ಕುದುರೆ ಸವಾರನಾಗಿದ್ದನಂತೆ. ಕೆಲಸ ಬಿಟ್ಟು ಬರುವಾಗ ಕತ್ತಿ ಅಲ್ಲೇ ಯಾವನೋ ದೊರೆಯ ಪಾಲಾಯಿತಂತೆ. ಈ 'ಅಂತೆ'ಗಳನ್ನೆಲ್ಲ ಕೇಳಿಯೇ ನಾವು ಬೆಳೆದವರು.

ದೊಡ್ಡಪ್ಪ ಕನ್ನಡಕ ಏರಿಸಿ ಫೋನನ್ನು ಮೂಗಿಗೆ ಹಿಡಿದು ನೋಡಿದರು.

"ಇದು ಕು ಐತಿ" ಎಂದರು.

"ಅಲ್ಲಿ ಏನೂ ಕಾಣವಲ್ದು ದೊಡ್ಡಪ್ಪಾ. ಬರೇ ಕಿಲುಬು."

"ಕಿಲುಬಿನ ಕೆಳಗ ಕು ಐತಿ ಲೇ. ಮುಂದ ರು, ಮುಂದ ಗೋ, ಮುಂದ ಡು. ಈರಭದ್ರಗ ಕುರುಗೋಡು ಬಿಟ್ರ ಬ್ಯಾರೆ ಊರು ಎಲ್ಲೈತಿ?"

ಫೋನಿನಲ್ಲೇ ಸವಾಲು ಹಾಕಬಹುದು, ಹೋಗಬೇಕಾದ್ದಿಲ್ಲ ಎಂದೆ. "ಕಣ್ಣಿಲೆ ನೋಡದ ಎತ್ತು ತಗೊಂಡಾವ ಉದ್ಧಾರ ಆಗ್ಯಾನೇನ್?" ಎಂದು ಬೈದರು. ಮಾನಸ ಸರೋವರಕ್ಕೆ ಹೋಗಲೆಂದು ಮಾಡಿಸಿ, ಮೊಣಕಾಲಿನ ದೆಸೆಯಿಂದ ಹೋಗದೆ ಉಳಿದಿದ್ದ ಅವರ ಪಾಸ್‌ಪೋರ್ಟು ಟ್ರಂಕಿನಿಂದ ಹೊರಬಂತು. ಕೊಯ್ಲು ಮುಗಿದ ಮೇಲೆ ಮನೆಯಲ್ಲಿ ಅವರ ಮಗನ ಮಗಳ ಮದುವೆ. ಆ ಗುಗ್ಗಳವೇ ತನ್ನ ಕಡೆಯ ಕುಣಿತ ಎಂದು ಮೊಣಕಾಲು ಆಗಲೇ ಹೇಳಿಬಿಟ್ಟಿತ್ತು. "ಒಮ್ಮಿ, ಒಂದ ಒಂದು ಒಮ್ಮಿ ನಮ್ದ ಕತ್ತಿ ಹಿಡದು ಕುಣೀಬೇಕು ಲೇ ಗಿರಿಜಾ" ಎಂದಾಗ ಅವರ ದನಿಯಲ್ಲಿ ದಲ್ಲಾಳಿ ಇರಲಿಲ್ಲ. ನನಗೆ ಇಲ್ಲವೆನ್ನಲು ಆಗಲಿಲ್ಲ.

ವಿಮಾನ ಬದಲಿಸಿದ ಕಡೆ

ದುಬೈಯಲ್ಲಿ ತಪಾಸಣೆಯ ಬಾಗಿಲು ಕಿರುಚಿಕೊಂಡಿತು. ಕಾರಣ ದೊಡ್ಡಪ್ಪನ ಎದೆಯ ಮೇಲಿನ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ. ತೆಗೆದು ತಟ್ಟೆಯಲ್ಲಿಡಿ ಎಂದ ಅಲ್ಲಿಯ ಅಧಿಕಾರಿ.

"ಪ್ರಾಣ ಹೋದ್ರೂ ಮೈ ಬಿಟ್ಟು ತಗಿಯಂಗಿಲ್ಲ ಅನ್ನು" ಎಂದರು ದೊಡ್ಡಪ್ಪ. ನಾನು ಅದನ್ನು 'ಸ್ವಲ್ಪ ತೊಂದರೆ ಇದೆ' ಎಂದು ಅನುವಾದಿಸಿದೆ.

"ಒಳಗೇನಿದೆ?"

"ದೇವರು."

"ನಿಜವಾದದ್ದೇ?"

ನಮ್ಮ ಹಲಕುಂದಿ ಮಠದಲ್ಲಿ ಕೇಳಿದರೂ ಈ ಪ್ರಶ್ನೆಗೆ ಒಂದು ಸಂಜೆಯ ಪ್ರವಚನ ಬೇಕು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆ ಮನುಷ್ಯ ಒಳ್ಳೆಯವನು. ಕರಡಿಗೆಯನ್ನು ದೊಡ್ಡಪ್ಪನ ಮುಷ್ಟಿಯಲ್ಲೇ ಇರಗೊಟ್ಟು, ಹೊರಗಿನಿಂದ ಒಂದು ಬಟ್ಟೆ ತುಂಡು ಸವರಿ, ಅದನ್ನು ಯಂತ್ರಕ್ಕೆ ಕೊಟ್ಟ. ಹಸಿರು ದೀಪ ಹತ್ತಿತು.

"ಏನಂತ?" ಎಂದರು ದೊಡ್ಡಪ್ಪ.

"ದೇವರು ಪಾಸಾದ್ರಂತ."

"ಫೇಲ್ ಆಗಾಕ ಅವನೇನ್ ಪಂಪಣ್ಣನೇನ್" ಎಂದು ದೊಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಂಡರು.

ಆ ಸಣ್ಣ ಊರು

ಊರಿನ ಹೆಸರು ಹೇಳಿದರೂ ನಿಮಗೆ ಉಪಯೋಗವಿಲ್ಲ. ಅವರು ಬರೆಯುವುದೊಂದು, ಕರೆಯುವುದೊಂದು. ಟಿಕೆಟು ಕೊಡುವವಳಿಗೆ ನಾನು ಬರೆದ ಹಾಗೆ ಓದಿ ಹೇಳಿದರೆ ಅವಳು ಬೇರೆ ದೇಶದ ಹೆಸರು ಕೇಳಿದಂತೆ ನೋಡಿದಳು. ಅರ್ಧ ಅಕ್ಷರ ನುಂಗಿ ಹೇಳಿದ ಮೇಲೆ ಟಿಕೆಟು ಸಿಕ್ಕಿತು.

ನಾವು ಇಳಿದದ್ದು ಜೀನಮ್ಮನ ಮನೆಯಲ್ಲಿ. ಅವಳ ಹೆಸರು ಜೀನ್, 'ಅಮ್ಮ' ದೊಡ್ಡಪ್ಪ ಹಚ್ಚಿದ್ದು. ಗಂಡನಿಲ್ಲದ ಮುದುಕಿ, ಮೇಲಿನ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾಳೆ. ಆ ದೇಶದಲ್ಲಿ ಎಲ್ಲರೂ ಎಲ್ಲದಕ್ಕೂ 'ಸಾರಿ' ಎನ್ನುತ್ತಾರೆ. ಬಸ್ಸಿನಲ್ಲಿ ದೊಡ್ಡಪ್ಪ ಒಬ್ಬರ ಕಾಲು ತುಳಿದರು, ಅವರೇ 'ಸಾರಿ' ಎಂದರು. ಜೀನಮ್ಮ ಚಹಾ ತಂದಾಗ ಸಾರಿ, ಕಪ್ಪು ಒಯ್ಯುವಾಗ ಸಾರಿ, ಮಳೆ ಬಂದರೆ ತಾನೇ ಬರಿಸಿದ ಹಾಗೆ ಸಾರಿ. ಬಳ್ಳಾರಿಯಿಂದ ಹೋದ ನಮಗೆ ಬೇಸಗೆಯಲ್ಲಿ ಮಳೆ ಬಂದರೆ ಯಾರಾದರೂ ಕ್ಷಮೆ ಕೇಳುತ್ತಾರೆ ಎಂಬುದೇ ಸೋಜಿಗ. ನಮ್ಮಲ್ಲಿ ಅಂಥವರನ್ನು ಹೊತ್ತು ಮೆರೆಸುತ್ತಾರೆ.

ಸೂರ್ಯ ಮುಳುಗುವುದೇ ಇಲ್ಲ ಎಂಬುದು ದೊಡ್ಡಪ್ಪನ ದೊಡ್ಡ ತಕರಾರು. ಸಂಜೆಯ ಪೂಜೆ ಮಾಡದೆ ಅವರು ಉಣ್ಣುವುದಿಲ್ಲ, ಸಂಜೆಯೋ ಆಗುವುದೇ ಇಲ್ಲ. ಕಿಟಕಿಯ ಬಳಿ ಕೂತು ಆಕಾಶ ನೋಡುತ್ತ, "ಇವ್ರ ರಾಜ್ಯದಾಗ ಸೂರ್ಯ ಮುಳುಗಂಗಿಲ್ಲ ಅಂತಿದ್ರಲ್ಲ, ಸುಳ್ಳ ಅಲ್ಲ ನೋಡು" ಎಂದರು. ಕೊನೆಗೆ ಹಸಿವು ಗೆದ್ದಿತು. ಪರದೆ ಎಳೆದು ಕತ್ತಲು ಮಾಡಿಕೊಂಡು ಪೂಜೆ ಮುಗಿಸಿದರು.

ನೋಡುವ ದಿನ

ಅಲ್ಲಿ ಹರಾಜಿನ ಹಿಂದಿನ ದಿನ ಸಾಮಾನು ನೋಡಲು ಬಿಡುತ್ತಾರೆ. ದೊಡ್ಡ ಹಜಾರ. ಒಂದು ಗೋಡೆಗೆ ಸಾಲು ಸಾಲು ಬಂದೂಕುಗಳು. ನನಗಂತೂ ಹಬ್ಬದೂಟದ ಎಲೆಯ ಮುಂದೆ ಉಪವಾಸ ಕೂತ ಹಾಗಾಯಿತು. ಅಲ್ಲಿಯ ಗಿರಾಕಿಗಳು ಸಪ್ಪಳ ಕೇಳುವುದಿಲ್ಲ. ಬಂದೂಕನ್ನು ಭುಜಕ್ಕೆ ಏರಿಸುತ್ತಾರೆ, ಇಳಿಸುತ್ತಾರೆ, ಮತ್ತೆ ಏರಿಸುತ್ತಾರೆ, ಕನ್ನಡಿಯ ಮುಂದೆ ಕೋಟು ಹಾಕಿ ನೋಡುವ ಹಾಗೆ. ತೋಳು ಉದ್ದವಿದ್ದವನಿಗೆ ಹಿಂಭಾಗದ ಮರ ಉದ್ದ, ಕೆನ್ನೆ ದಪ್ಪ ಇದ್ದವನಿಗೆ ಮರ ಸ್ವಲ್ಪ ವಾರೆ. ಬಂದೂಕಿಗೂ ಅಳತೆ ಕೊಡುವ ದರ್ಜಿಗಳು ಅಲ್ಲಿ ಇದ್ದಾರೆ! ನಮ್ಮಲ್ಲಿ ಬಂದೂಕು ಹೇಗಿದೆಯೋ ಹಾಗೆ ಮನುಷ್ಯನೇ ಕತ್ತು ಸೊಟ್ಟ ಮಾಡಿಕೊಳ್ಳುತ್ತಾನೆ.

ಈಗಿನ ಬಂದೂಕುಗಳಲ್ಲಿ ಎರಡು ನಳಿಗೆ ಒಂದರ ಮೇಲೊಂದು ಇರುತ್ತವೆ. ದೊಡ್ಡಪ್ಪನಿಗೆ ಅದು ಸರಿಬರಲಿಲ್ಲ. "ಗಂಡ-ಹೆಂಡ್ತಿ ಬಾಜೂ ಬಾಜೂ ಇರಬೇಕಲೇ, ಒಬ್ರ ಮ್ಯಾಲ ಒಬ್ರು ಕುಂತ್ರ ಸಂಸಾರ ನಡಿತೈತೇನ್?" ಆದರೆ ಎರಡೆರಡು ಬಂದೂಕನ್ನು ಜೋಡಿಯಾಗಿ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ನೋಡಿ ಖುಷಿಪಟ್ಟರು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದರ ಬೆನ್ನು ಸವರಿ, ಇನ್ನೊಂದರ ಬೆನ್ನು ಸವರಿ, "ಜ್ವಾಡಿ ಚಲೋ ಅದಾವ. ಎಡಕಿನದು ಸೊಲ್ಪ ಸೋಮಾರಿ" ಎಂದರು. ಪಕ್ಕದಲ್ಲಿದ್ದ ಟೊಪ್ಪಿಗೆಯವರು ಅವರು ಏನೋ ದೊಡ್ಡ ತಜ್ಞರೆಂದು ತಿಳಿದು ಎಡಗಡೆಯ ಬಂದೂಕನ್ನು ಮತ್ತೊಮ್ಮೆ ಪರೀಕ್ಷಿಸಿದರು.

ಕತ್ತಿಗಳು ಒಳಗಿನ ಮೇಜಿನ ಮೇಲಿದ್ದವು. ಮೇಲ್ವಿಚಾರಣೆಗೆ ಒಬ್ಬ ತೆಳ್ಳಗಿನ ಹೆಂಗಸು. ಅವಳು ಬಿಳಿ ಕೈಗವಸು ತೊಟ್ಟ ಕೈಗಳಿಂದ ನಮ್ಮ ಕತ್ತಿಯನ್ನು ಎತ್ತಿ ದೊಡ್ಡಪ್ಪನ ಕೈಗಿಟ್ಟಳು. ನಾನು ಬೇಡ ಎನ್ನುವಷ್ಟರಲ್ಲಿ ಆಗಬಾರದ್ದು ಆಯಿತು. ಕೈಗೆ ಕತ್ತಿ ಬಂದರೆ ದೊಡ್ಡಪ್ಪನ ಬಾಯಿ ದೊಡ್ಡಪ್ಪನ ಮಾತು ಕೇಳುವುದಿಲ್ಲ.

"ಆಹಹಾ ದೇವಾ! ಆಹಹಾ ರುದ್ರಾ!"

ಹಜಾರವಿಡೀ ಗೋಡೆಗೆ ಅಂಟಿಕೊಂಡಿತು. ಆ ತೆಳ್ಳಗಿನ ಹೆಂಗಸು ಮೇಜಿನ ಹಿಂದೆ ಕೂತುಬಿಟ್ಟಳು. ಮೊಣಕಾಲು ನೋವು ಎಲ್ಲಿಗೆ ಹೋಯಿತೋ, ದೊಡ್ಡಪ್ಪ ಎರಡು ಸುತ್ತು ಹಾಕಿ ದಕ್ಷಯಜ್ಞದ ಒಂದು ತುಂಡು ಮುಗಿಸಿ, ಕತ್ತಿಯನ್ನು ಹಣೆಗೆ ಮುಟ್ಟಿಸಿ ಮೇಜಿನ ಮೇಲಿಟ್ಟರು. ಆಮೇಲೆ ಕೆಂಪು ಮೀಸೆಯ ಒಬ್ಬ ದಪ್ಪನೆಯ ಮನುಷ್ಯ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ತೆಳ್ಳಗಿನ ಹೆಂಗಸು ಎದ್ದು ನಿಂತು 'ಸಾರಿ' ಎಂದಳು. ಏತಕ್ಕೆಂದು ಶಿವನೇ ಬಲ್ಲ.

ಕೆಂಪು ಮೀಸೆಯವನಿಗೂ ಅದೇ ಕತ್ತಿಯ ಮೇಲೆ ಕಣ್ಣು. ಅವನು ಅದನ್ನೇ ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ದೊಡ್ಡಪ್ಪ ತಮ್ಮ ಹಳೆಯ ವಿದ್ಯೆ ತೆಗೆದರು. ದನದ ವ್ಯಾಪಾರದಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಅವನನ್ನು ಹೇಗಾದರೂ ಒಪ್ಪಿಸಿ ಹರಾಜಿನಿಂದ ಹಿಂದೆ ಸರಿಸೋಣವೆಂದು ದೊಡ್ಡಪ್ಪ ಹೆಗಲ ಟವೆಲ್ಲು ಕೈಮೇಲೆ ಹೊದಿಸಿ ಅವನ ಮುಂದೆ ಚಾಚಿದರು. ಅವನು ಇದು ನಮ್ಮ ದೇಶದ ನಮಸ್ಕಾರವೆಂದು ತಿಳಿದು, ಟವೆಲ್ಲಿನ ಒಳಗೆ ಕೈ ತೂರಿಸಿ ದೊಡ್ಡಪ್ಪನ ಐದೂ ಬೆರಳನ್ನು ಹಿಡಿದು ಜೋರಾಗಿ ಕುಲುಕಿದ.

"ಐದೂ ಬೆರಳು ಹಿಡದು ಜಗ್ಗಾಡ್ತಾನಲ್ಲಲೇ! ಇಷ್ಟ್ ತುಟ್ಟಿ ಮಾಡಿದ್ರ ಹೆಂಗ?" ಎಂದು ದೊಡ್ಡಪ್ಪ ಗಾಬರಿಯಾಗಿ ಕೈ ಎಳೆದುಕೊಂಡರು.

ಕತ್ತಿ ಒಳ್ಳೆಯದೇ. ಅಲಗು ಸ್ವಲ್ಪ ಬಾಗಿದ್ದು, ಒರೆ ಇಲ್ಲ, ಹಿಡಿಕೆಗೆ ದಟ್ಟ ಕಿಲುಬು. ಆ ಕಿಲುಬನ್ನು ಮುಟ್ಟಬಾರದಂತೆ. ನಾವು ಆಯುಧ ಪೂಜೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ಮಿಂಚಿಸುವ ಜನ. ಅವರಿಗೆ ಕೊಳೆಯಲ್ಲೇ ಬೆಲೆ, ಉಜ್ಜಿದರೆ ಅರ್ಧ ಬೆಲೆ ಹೋಯಿತು ಎನ್ನುತ್ತಾರೆ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಹೂಂ ಎಂದರು. ಆದರೆ ಬೆಳಿಗ್ಗೆ ಬ್ರೆಡ್ಡಿಗೆ ನಿಂಬೆಕಾಯಿ ಉಪ್ಪಿನಕಾಯಿ ಹಚ್ಚಿ ತಿಂದು, ನೀರು ತಣ್ಣಗಿದೆಯೆಂದು ಕೈಯನ್ನು ಕಾಗದಕ್ಕೆ ಒರೆಸಿ ಬಂದಿದ್ದರು. ಆ ಹುಳಿ ಹೆಬ್ಬೆರಳಿನಿಂದ ಮೊದಲ ಅಕ್ಷರದ ಮೇಲೆ ಪ್ರೀತಿಯಿಂದ ತಿಕ್ಕುತ್ತ ನಿಂತಿದ್ದಾರೆ. ನಾನು ನೋಡುವಷ್ಟರಲ್ಲಿ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿತ್ತು.

ಇಬ್ಬರೂ ಬಗ್ಗಿ ನೋಡಿದೆವು. ಅಲ್ಲಿ ಇದ್ದದ್ದು ಕು ಅಲ್ಲ. ಸಿ.

ದೊಡ್ಡಪ್ಪನ ಹೆಬ್ಬೆರಳು ತಾನಾಗಿ ಕೊನೆಯ ಅಕ್ಷರಕ್ಕೆ ಹೋಯಿತು. ಪ್ಪ. ಸಿರುಗುಪ್ಪ.

ಜೀನಮ್ಮನ ತೋಟ

ಇಡೀ ಸಂಜೆ ದೊಡ್ಡಪ್ಪ ಜೀನಮ್ಮನ ಹಿತ್ತಿಲಿನ ಬೆಂಚಿನ ಮೇಲೆ ಕೂತಿದ್ದರು. ಮುಖ ಸುಟ್ಟ ಬದನೆಕಾಯಿ ಆಗಿತ್ತು. ನನಗೂ ಸಂಕಟವಾಯಿತು. ಮೊಣಕಾಲು ಎಳೆದುಕೊಂಡು ಸಮುದ್ರ ದಾಟಿ ಬಂದು ಕಂಡದ್ದು ಏನು, ಬೀಗರ ಊರಿನ ಹೆಸರು!

"ಪಂಪಣ್ಣಗ ಎರಡ ಕತ್ತಿ ಇದ್ವಂತ ಆತಲ್ಲ" ಎಂದರು. "ಒಂದಕ್ಕ ಇಷ್ಟು ಉಬ್ಬಿದಾವ ಎರಡು ಅಂದ್ರ ಹರದ ಹೋಗ್ತಾನ."

"ಅವರಿಗೆ ಗೊತ್ತಾಗೋದು ಹೆಂಗ್ರಿ? ಇಲ್ಲೇ ಬಿಟ್ಟು ಹೋಗೋಣ."

ದೊಡ್ಡಪ್ಪ ಮೆಲ್ಲಗೆ, ಅತ್ತಿತ್ತ ನೋಡಿ, ಜೀನಮ್ಮನ ಬೆಕ್ಕಿಗೆ ಕನ್ನಡ ಬರುವುದೇನೋ ಎಂಬ ಹಾಗೆ ಕೇಳಿದರು: "ಸಿ ಅನ್ನೋದನ್ನ ಕು ಮಾಡಾಕ ಬರ್ತೈತೇನ್? ನಿನ್ನತ್ರ ಕೊರಿಯೋ ಸಾಮಾನು ಇರ್ತಾವಲ್ಲ."

"ದೊಡ್ಡಪ್ಪಾ!"

"ಗುಡಿಸು ಅಳಿಸಿ ಕೊಂಬು ಹಚ್ಚೋದು. ಸ ಅನ್ನೋದನ್ನ ಸೊಲ್ಪ ತಿದ್ದಿದ್ರ ಕ."

"ಆ ಕಡೀ ಪ್ಪ ಏನ್ ಮಾಡ್ತೀರಿ? ಒತ್ತಕ್ಷರ ಬ್ಯಾರೆ ಐತಿ."

ಒತ್ತಕ್ಷರದ ಮುಂದೆ ದೊಡ್ಡಪ್ಪ ಸೋತರು. ನಾನು ನಕ್ಕೆ, ಅವರು ನಗಲಿಲ್ಲ. ಜೀನಮ್ಮ ಚಹಾ ತಂದಿಟ್ಟು, ಮುದುಕನಿಗೆ ಮನೆಯ ನೆನಪಾಗಿದೆಯೇ ಎಂದು ನನ್ನನ್ನು ಕೇಳಿದಳು. ಬೀಗರ ನೆನಪಾಗಿದೆ ಎಂದೆ. ಎಷ್ಟು ಒಳ್ಳೆಯ ಮನಸ್ಸು ಎಂದು ಅವಳ ಕಣ್ಣು ತುಂಬಿತು.

ಹರಾಜು

ಮಾರನೆಯ ದಿನ ಹೋಗುವುದೇ ಬೇಡ ಎಂದು ನಾನಿದ್ದರೆ, ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದರು. ನಂಬರಿನ ಹಲಗೆ ತಮ್ಮ ಕೈಯಲ್ಲೇ ಇರಲಿ ಎಂದರು. ಕೂಗುತ್ತೀರಾ, ಬಿಡುತ್ತೀರಾ ಎಂದು ಕೇಳಿದೆ. "ನೋಡೋಣಲ್ಲ" ಎಂದರು.

ಹರಾಜಿನ ವಿಷಯದಲ್ಲಿ ದೊಡ್ಡಪ್ಪ ಪಳಗಿದ ಕೈ. ಊರ ಹುಣಸೆಮರಗಳ ಸವಾಲು, ಕೆರೆಯ ಮೀನಿನ ಸವಾಲು, ಎಲ್ಲಕ್ಕೂ ಹೋದವರು. ನಮ್ಮಲ್ಲಿ ಕೂಗುವವನು 'ಒಂದನೇ ಸಾರಿ... ಎರಡನೇ ಸಾರಿ...' ಎಂದು ಎಳೆದು ನಿಲ್ಲುತ್ತಾನೆ. ಜಾಣರು ಬಾಯಿ ಬಿಡುವುದೇ ಎರಡನೆಯ ಸಾರಿಯ ಮೇಲೆ, ಮೂರನೆಯದಕ್ಕೆ ಮೊದಲು. ಆ ಸಂದಿಯಲ್ಲಿ ಬಾಯಿ ಹಾಕುವುದನ್ನು ದೊಡ್ಡಪ್ಪ ನಲವತ್ತು ವರ್ಷ ಅಭ್ಯಾಸ ಮಾಡಿದ್ದಾರೆ.

ಅಲ್ಲಿ ಸಾರಿಯೂ ಇಲ್ಲ, ಗೀರಿಯೂ ಇಲ್ಲ. ಎತ್ತರದ ಪೀಠದಲ್ಲಿ ನಿಂತ ಮನುಷ್ಯ ಬೆಲೆಯನ್ನು ಮಂತ್ರ ಪಠಿಸುವ ಹಾಗೆ ಗುಣುಗುತ್ತಾನೆ, ಒಮ್ಮೆ ಕಣ್ಣು ಹಾಯಿಸುತ್ತಾನೆ, ಸುತ್ತಿಗೆ ಟಕ್ಕೆನ್ನುತ್ತದೆ. ಮುಗಿಯಿತು. ಬೆಳಿಗ್ಗೆ ಬಂದೂಕುಗಳು ಹಾಗೆಯೇ ಟಕ್ ಟಕ್ ಎಂದು ಮಾರಿಹೋದವು. ನಾನು ಆ ಸಡಗರ ನೋಡುತ್ತ ದೊಡ್ಡಪ್ಪನಿಗೆ ಇದನ್ನು ಹೇಳುವುದನ್ನೇ ಮರೆತೆ. ಅವರೋ, ಬಂದೂಕಿನ ಹೊತ್ತಿಗೆಲ್ಲ ಕೂತಲ್ಲೇ ತೂಕಡಿಸಿದ್ದರು.

ನಮ್ಮ ಕತ್ತಿ ಬಂತು. ಕೆಂಪು ಮೀಸೆಯವನು ಹಲಗೆ ಎತ್ತಿದ. ಹಿಂದಿನ ಸಾಲಿನ ಒಬ್ಬರು ಎತ್ತಿದರು. ಮತ್ತೆ ಕೆಂಪು ಮೀಸೆ. ದೊಡ್ಡಪ್ಪ ಬಂಡೆಯ ಹಾಗೆ ಕೂತಿದ್ದಾರೆ. ಮುಂದಿನ ಸಾಲಿನ ಹೆಂಗಸೊಬ್ಬಳು ಕೂದಲು ಸರಿಮಾಡಿಕೊಂಡದ್ದನ್ನು ಪೀಠದವನು ಸವಾಲೆಂದು ತಿಳಿದು ಬೆರಳು ತೋರಿಸಿ, ಅವಳು ತಲೆ ಅಲ್ಲಾಡಿಸಿದ್ದೇ, "ಸಾರಿ ಮ್ಯಾಡಮ್" ಎಂದ.

ದೊಡ್ಡಪ್ಪ ಮೊಣಕೈಯಿಂದ ನನ್ನನ್ನು ತಿವಿದರು. "ಒಂದನೇ ಸಾರಿ ಆತು."

ಸಾರಿ ಎಂದರೆ ಕ್ಷಮೆ ಎಂದು ಅವರಿಗೂ ಗೊತ್ತು, ಎರಡು ದಿನದಿಂದ ಅದನ್ನೇ ಕೇಳಿದ್ದಾರೆ. ಆದರೆ ಹರಾಜಿಗೆ ಕೂತವರ ಕಿವಿಗೆ ಹರಾಜಿನ ಸಾರಿಯೇ ಕೇಳುವುದು. ನಾನು ಬಾಯಿ ತೆರೆಯುವುದಕ್ಕೂ ಸುತ್ತಿಗೆ ಟಕ್ಕೆನ್ನುವುದಕ್ಕೂ ಸರಿಹೋಯಿತು. ಕತ್ತಿ ಕೆಂಪು ಮೀಸೆಯ ಪಾಲಾಯಿತು.

ದೊಡ್ಡಪ್ಪ ಧೋತರ ಕೊಡವಿ ಎದ್ದು ನಿಂತರು. "ಏ! ಒಂದ ಸಾರಿಗೆ ಹೆಂಗ್ ಹೊಡೀತಿಯಲೇ? ಇನ್ನೆರಡು ಸಾರಿ ಎಲ್ಲಿ?"

ಪೀಠದವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ, "ಸಾರಿ?" ಎಂದ.

"ಎರಡನೇ ಸಾರಿ!" ಎಂದು ದೊಡ್ಡಪ್ಪ ಹಜಾರ ನಡುಗುವಂತೆ ಕೂಗಿ, ನಂಬರಿನ ಹಲಗೆಯನ್ನು ಕತ್ತಿಯ ಹಾಗೆಯೇ ಮೇಲೆತ್ತಿ ಹಿಡಿದರು.

ನಾನು ಎದ್ದು ನಿಂತು, ಬೆವರುತ್ತ, ನಮ್ಮ ಕಡೆಯ ಸಾರಿಯ ಲೆಕ್ಕವನ್ನು ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಇಡೀ ಹಜಾರ. ಪೀಠದವನು ಸುತ್ತಿಗೆ ಕೆಳಗಿಟ್ಟು ಕಣ್ಣೊರೆಸಿಕೊಂಡು, ತಪ್ಪು ತಿಳಿವಳಿಕೆಯಾದರೆ ಮತ್ತೆ ಕೂಗಿಸುವ ಹಕ್ಕು ತನಗಿದೆ, ಆದರೂ ಕೊಂಡವರು ಒಪ್ಪಬೇಕು ಎಂದ. ಕೆಂಪು ಮೀಸೆಯವನು ದೊಡ್ಡಪ್ಪನ ಕಡೆ ತಿರುಗಿ ದೊಡ್ಡದಾಗಿ ತಲೆಬಾಗಿದ. ಒಪ್ಪಿದ ಮಾತ್ರಕ್ಕೆ ಬಿಟ್ಟುಕೊಟ್ಟ ಎಂದಲ್ಲ. ಅವನು ಎತ್ತಿದ, ದೊಡ್ಡಪ್ಪ ಎತ್ತಿದರು. ಅವನು ಮತ್ತೆ ಎತ್ತಿದ. ಅಷ್ಟರಲ್ಲಿ ಕೆಂಪು ಮೀಸೆಯ ಪಕ್ಕದಲ್ಲಿ ಸ್ವೆಟರು ಹೆಣೆಯುತ್ತಿದ್ದ ಅವನ ಹೆಂಡತಿ ಕಡ್ಡಿ ನಿಲ್ಲಿಸಿ ಅವನನ್ನು ಒಮ್ಮೆ ನೋಡಿದಳು. ಬರೀ ನೋಡಿದಳು. ಅವನ ಕೈ ಅರ್ಧಕ್ಕೆ ಇಳಿಯಿತು. ಗಂಡಸರ ಸವಾಲು ಯಾವ ದೇಶದಲ್ಲಾದರೂ ಅಲ್ಲಿಗೇ ಮುಗಿಯುವುದು.

ಪೀಠದವನು ಕೊನೆಗೆ ನಮಗಾಗಿ ಒಂದು, ಎರಡು, ಮೂರು ಎಂದು ಎಳೆದು ಎಣಿಸಿದ. ಮೂರಕ್ಕೆ ಹಜಾರವೆಲ್ಲ ದನಿಗೂಡಿಸಿತು.

ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳಿದೆ, "ಬೀಗರ ಕತ್ತಿ ಅಂತ ಗೊತ್ತಿದ್ದೂ ಯಾಕ ತಗೊಂಡ್ರಿ?"

ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಆ ಮೀಸ್ಯಾವ ಅದನ್ನ ಗ್ವಾಡಿಗೆ ಮೊಳಿ ಹೊಡದು ತೂಗು ಹಾಕ್ತಾನ. ಪಂಪಣ್ಣನ ಹಿರೇರ ಕತ್ತಿ ಮಂದಿ ಗ್ವಾಡಿ ಮ್ಯಾಲ ತೂಗ್ಯಾಡ್ಬೇಕೇನ್? ಅವನ್ನ ಬೈಯಾಕ ನಾನ ಅದೀನಿ, ಮಂದಿಗೇನ್ ಹಕ್ಕೈತಿ?"

ಸಿರುಗುಪ್ಪ

ನಾವು ಬರಿಗೈಯಲ್ಲಿ ಬಂದೆವು, ಕತ್ತಿ ಕಾಗದಪತ್ರಗಳ ಹಿಂದೆ ತನ್ನ ದಾರಿಯಲ್ಲಿ ಬಂತು. ಇಂಥ ಕಾಗದ ಓಡಾಡಿಸುವುದು ನನ್ನ ಕಸುಬೇ ಆದ್ದರಿಂದ ಹೇಗೋ ಆಯಿತು. ಆದರೂ ನಾಟಿಯಾದ ಭತ್ತ ತೆನೆ ಬಾಗಿ ಕೊಯ್ಲಾಗುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸುದ್ದಿ ಸಿರುಗುಪ್ಪ ಮುಟ್ಟಿತ್ತು. ಕುರುಗೋಡಿನವರು ಲಂಡನ್ನಿನಿಂದ ಕತ್ತಿ ತಂದರಂತೆ, ಇನ್ನು ಬೀಗರ ಕತ್ತಿ ಬೇಡವಂತೆ ಎಂದು. ವಾರಕ್ಕೊಮ್ಮೆ ಫೋನು ಮಾಡಿ ಕಾಲೆಳೆಯುತ್ತಿದ್ದ ಪಂಪಣ್ಣನವರು ಫೋನು ಮಾಡುವುದನ್ನೇ ಬಿಟ್ಟಿದ್ದರು.

ಮದುವೆಗೆ ಒಂದು ವಾರವಿರುವಾಗ ನಾನು, ದೊಡ್ಡಪ್ಪ ಸಿರುಗುಪ್ಪಕ್ಕೆ ಹೋದೆವು. ಪಂಪಣ್ಣನವರು ಪಡಸಾಲೆಯಲ್ಲಿ ಕೂತಿದ್ದರು. ಬರ್ರಿ ಎಂದರು, ನೀರು ಕೊಡಿಸಿದರು, ಮುಖ ಮಾತ್ರ ಬೇರೆ ಕಡೆ.

"ಗುಗ್ಗಳಕ್ಕ ನಾವು ಬಂದ್ರೂ ಆತು, ಬರದಿದ್ರೂ ಆತು ಅಲ್ರಿ ಬೀಗರ. ನಿಮ್ದ ಕತ್ತಿ ಬಂತಲ್ಲ" ಎಂದರು. ದನಿಯಲ್ಲಿ ವ್ಯಂಗ್ಯವಿರಬೇಕಿತ್ತು, ಇರಲಿಲ್ಲ. ಅವರೂ ಮುದುಕರಾಗಿದ್ದಾರೆ ಎಂದು ನಾನು ಅವತ್ತೇ ಕಂಡದ್ದು.

ದೊಡ್ಡಪ್ಪ ಟವೆಲ್ಲು ಬಿಚ್ಚಿ ಕತ್ತಿಯನ್ನು ಅವರ ತೊಡೆಯ ಮೇಲಿಟ್ಟರು. "ಓದ್ರಿ."

ಪಂಪಣ್ಣನವರು ಹಿಡಿಕೆಯನ್ನು ಬೆಳಕಿಗೆ ಹಿಡಿದರು. ತುಟಿ ಅಲುಗಿತು. ಸಿ. ರು. ಗು. ಪ್ಪ. ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ದೇವರ ಮನೆಗೆ ಹೋಗಿ, ತಮ್ಮ ಮನೆಯ ಕತ್ತಿ ತಂದು ಪಕ್ಕದಲ್ಲಿಟ್ಟರು. ಅದೇ ಬಾಗು, ಅದೇ ಅಳತೆ. ಅದರ ಹಿಡಿಕೆಯ ಮೇಲೆ ವರ್ಷ ವರ್ಷದ ಕುಂಕುಮ, ಎಣ್ಣೆ ಮೆತ್ತಿ ಅರಗಿನ ಹಾಗೆ ಗಟ್ಟಿಯಾಗಿತ್ತು.

"ನಿಮ್ಮ ಹಿರ್ಯಾ, ನಮ್ಮ ಹಿರ್ಯಾ ಇಬ್ರೂ ಜ್ವಾಡ್ಲೆ ದಂಡಿಗೆ ಸೇರಿದ್ರಂತ. ಭಾವ-ಮೈದುನ. ನಮ್ಮಜ್ಜ ಹೇಳ್ತಿದ್ದ" ಎಂದರು ಪಂಪಣ್ಣನವರು ನಿಧಾನವಾಗಿ. "ನಮ್ದು ಅಲ್ಲಿತ್ತಂದ್ರ, ಇಷ್ಟು ದಿನ ನಮ್ಮನ್ಯಾಗ ಇದ್ದದ್ದು ಯಾರ್ದು?"

ಪಂಪಣ್ಣನವರೇ ಒಳಗೆ ಕೂಗಿ ಹುಣಸೆಹಣ್ಣು ನೆನೆಸಿ ತರಲು ಹೇಳಿದರು. ಬಟ್ಟಲು ಬಂತು. ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ, ಮುಷ್ಟಿ ತುಂಬ ಹುಣಸೆಹಣ್ಣು ತೆಗೆದುಕೊಂಡು ಹಿಡಿಕೆಗೆ ಕೈ ಹಾಕಿದೆ. ದೊಡ್ಡಪ್ಪ ನನ್ನ ಮುಂಗೈ ಹಿಡಿದರು.

"ಬ್ಯಾಡಲೇ."

"ಯಾಕ್ರಿ? ನಮ್ದ ಇದ್ದಿರಬೋದು! ಇಷ್ಟು ವರ್ಷ ನೀವು ಕುಣಿದಿದ್ದು ನಮ್ದ ಕತ್ತಿ ಹಿಡದು ಇರಬೋದು!"

"ಇರಬೋದು. ಅದಕ್ಕ ಬ್ಯಾಡ."

ಅವರು ಬಟ್ಟಲನ್ನು ನನ್ನ ಕೈಯಿಂದ ತೆಗೆದು ಬೀಗರ ಕಡೆ ಸರಿಸಿದರು. "ಇದು ನಮ್ದಂತ ಆತಂದ್ರ ನಮ್ಮ ಕತ್ತಿ ನಮ್ಮನ್ಯಾಗ ಆತು, ಬರೋ ವಾರ ಗುಗ್ಗಳಕ್ಕ ನೀವೇನ್ ಹಿಡ್ಕೊಂಡ್ ಬರ್ತೀರಿ ಬೀಗರ? ಕೈ ಬೀಸ್ಕೊಂತ ಬರ್ತೀರೇನ್? ನೀವು ನಾಕು ಮಂದ್ಯಾಗ ನಿಂತು ಎರಡು ಮಾತು ಅನ್ನದಿದ್ರ ನನಗ ಸಿಟ್ಟು ಎಲ್ಲಿಂದ ಬರಬೇಕು? ಸಿಟ್ಟು ಬರದ ಒಡಪು ಹೆಂಗ್ ಹೇಳ್ಲಿ?"

ಪಂಪಣ್ಣನವರು ಎರಡೂ ಕತ್ತಿಗಳನ್ನು ಎದೆಗೆ ಅವುಚಿಕೊಂಡು ದೇವರ ಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಹುಣಸೆಹಣ್ಣಿನ ಬಟ್ಟಲನ್ನು ಹೆಂಡತಿಯ ಕೈಗೆ ಕೊಟ್ಟು, "ಬೀಗರು ಉಂಡ ಹೋಗ್ತಾರ, ಇದನ್ನ ಬ್ಯಾಳಿಗೆ ಹಾಕು" ಎಂದರು.

ಅವತ್ತಿನ ಸಾರು ಹುಳಿಯೋ ಹುಳಿ. ದೊಡ್ಡಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.